ಸಾಲ್ಮನ್ ಗಾಳಕ್ಕೆ ಹುಣಸೆಹುಳಿ

ಕುವೈತಿಗೆ ಬಂದು ಹದಿನಾಲ್ಕು ವರ್ಷವಾದರೂ ನನಗೆ ಹವ್ಯಾಸ ಎಂಬುದೊಂದು ಹುಟ್ಟಿರಲಿಲ್ಲ. ನಮ್ಮ ಮೈಸೂರು ಕಡೆಯ ಬಳಗದಲ್ಲಿ ಒಬ್ಬರು ದೂರದರ್ಶಕ ಇಟ್ಟಿದ್ದರು, ಇನ್ನೊಬ್ಬರು ಸುಡುಬಿಸಿಲಿನಲ್ಲಿ ಸೈಕಲ್ ತುಳಿಯುತ್ತಿದ್ದರು. ಊಟಕ್ಕೆ ಸೇರಿದಾಗ ಯಾರಾದರೂ "ನಿಮ್ಮ ಹಾಬಿ?" ಎಂದು ಕೇಳಿದರೆ ನಾನು "ನಿದ್ದೆ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಒಂದು ಶುಕ್ರವಾರ ಇಲ್ಲಿನ ರಾಯ್ ಎಂಬ ಬಡಾವಣೆಯ ಹಳೇ ಸಾಮಾನಿನ ಸಂತೆಗೆ ಪುಸ್ತಕದ ಕಪಾಟು ಹುಡುಕಿಕೊಂಡು ಹೋದೆ. ಕಪಾಟು ಸಿಗಲಿಲ್ಲ. ದೇಶ ಬಿಟ್ಟುಹೋದ ಯಾವನೋ ಪರದೇಶಿಯ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಗಾಜಿನ ಕಣ್ಣಿನ ಪುಟ್ಟ ಮರದ ಮೀನುಗಳು, ಚಮಚದಾಕಾರದ ಹಿತ್ತಾಳೆ ತಗಡುಗಳು, ಎಲ್ಲಕ್ಕೂ ತುಕ್ಕು ಹಿಡಿದ ಕೊಕ್ಕೆಗಳು. "ಆಂಟೀಕ್ ಹೈ ಭಾಯಿ" ಎಂದ ಅಂಗಡಿಯವನು. ಆ ಒಂದು ಮಾತಿಗೆ ಬಿದ್ದೆ.

ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ತಿಳಿಯಿತು: ಅವು ಸಾಲ್ಮನ್ ಮೀನನ್ನು ಮರುಳು ಮಾಡಿ ಹಿಡಿಯುವ ಲ್ಯೂರ್‌ಗಳು, ಅಂದರೆ ಹುಸಿಮೀನಿನ ಗಾಳಗಳು. ಸಾಲ್ಮನ್ ಇರುವುದು ಹಿಮ ಬೀಳುವ ದೇಶಗಳ ನೀರಿನಲ್ಲಿ. ಕುವೈತಿನಲ್ಲಿ ನದಿಯೇ ಇಲ್ಲ. ನಾನೋ ಮೊಟ್ಟೆಯನ್ನೂ ಮುಟ್ಟದವನು.

"ರೀ, ಮೀನಿನ ಗಾಳ ತಂದು ದೇವರ ಮನೆ ಪಕ್ಕ ಇಟ್ಟಿದೀರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?" ಎಂದಳು ಹೆಂಡತಿ.

"ಇದು ಕಲೆ ಕಣೇ" ಎಂದೆ. ಹಾಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಹಿತ್ತಾಳೆಯನ್ನು ಹೊಳೆಯಿಸಲು ನನಗೆ ಗೊತ್ತಿದ್ದುದು ಒಂದೇ ರೀತಿ. ನಮ್ಮಮ್ಮ ದೀಪದ ಕಂಬ ತಿಕ್ಕುತ್ತಿದ್ದ ಹಾಗೆ ಹುಣಸೆಹುಳಿ ಹಚ್ಚಿ, ಉಪ್ಪು ಹಾಕಿ, ತಗಡುಗಳನ್ನೆಲ್ಲ ತಿಕ್ಕಿದೆ. ಫಳಫಳ ಎಂದವು. ಮರದ ಮೀನುಗಳ ಬಣ್ಣ ಅಲ್ಲಲ್ಲಿ ಎದ್ದಿತ್ತು. ಮಗಳ ಉಗುರುಬಣ್ಣದ ಸೀಸೆ ತಂದು ಹಚ್ಚುತ್ತಾ ಕೂತೆ. ಅವಳು ಬಂದು ನೋಡಿ, "ಅಪ್ಪಾ, ದಟ್ಸ್ ಮೈನ್! ಯು ಆರ್ ಪೇಂಟಿಂಗ್ ಎ ಫಿಶ್?" ಎಂದಳು. ಕನ್ನಡದಲ್ಲಿ ಬೈಯುವಷ್ಟು ಕನ್ನಡ ಅವಳಿಗೆ ಬರುವುದಿಲ್ಲ. ಆ ದಿನ ಅದು ನನ್ನ ಪುಣ್ಯ.

ಹೆಮ್ಮೆಯಿಂದ ಫೋಟೊ ತೆಗೆದು ಗಾಳ ಸಂಗ್ರಾಹಕರ ಆನ್‌ಲೈನ್ ಗುಂಪೊಂದಕ್ಕೆ ಹಾಕಿದೆ. ಗುಂಪಿನ ಹಿರಿಯನೊಬ್ಬ ಬರೆದ: "ಎಂಬತ್ತು ವರ್ಷ ಅದರ ಮೇಲೆ ಕೂತಿದ್ದ ಕಾಲವನ್ನು ಒಂದು ಮಧ್ಯಾಹ್ನದಲ್ಲಿ ತೊಳೆದುಬಿಟ್ಟಿರಿ. ಏನು ಹಾಕಿ ತೊಳೆದಿರಿ?" ಸತ್ಯ ಹೇಳಿದೆ. ಹುಣಸೆಹಣ್ಣೆಂದರೇನೆಂದು ಅವರು ಹುಡುಕಿ ತಿಳಿದುಕೊಂಡ ಮೇಲೆ ಸಂತಾಪಸೂಚನೆಗಳು ಬಂದವು. ಸತ್ತವರ ಮನೆಗೆ ಬಂದವರು ಆಡುವ ಮಾತಿನಷ್ಟೇ ಮೆಲ್ಲಗೆ, ಅಷ್ಟೇ ಉದ್ದವಾಗಿ.

ಅವಮಾನ ನನ್ನನ್ನು ವಿದ್ವಾಂಸನನ್ನಾಗಿ ಮಾಡಿತು. ಪೆಟ್ಟಿಗೆಯ ತಳದಲ್ಲಿ ನನ್ನ ಕೈಗೆ ಸಿಗದೆ ಉಳಿದಿದ್ದ ಹಸಿರು ಬೆನ್ನಿನ ಮರದ ಮೀನೊಂದಿತ್ತು. ಅದಕ್ಕೆ ಮೂರು ತಿಂಗಳು ಕೊಟ್ಟೆ. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆದು, ಎದ್ದ ಬಣ್ಣದ ಚಕ್ಕೆಗಳನ್ನು ಸೂಜಿಮೊನೆಯಷ್ಟು ಅಂಟಿನಿಂದ ಕೂರಿಸಿ, ಕೊಕ್ಕೆಯ ತುಕ್ಕನ್ನು ಹರಡದಂತೆ ಮಾತ್ರ ತಡೆದೆ. ಹೊಸದಾಗಿ ಏನನ್ನೂ ಹಚ್ಚಲಿಲ್ಲ. ಈ ಸಲ ಗುಂಪಿನವರು ಹೊಗಳಿದರು. ಅಲ್ಲಿಂದ ಮುಂದೆ ನನ್ನ ಜತೆ ಊಟಕ್ಕೆ ಕೂತವರು ಗಾಜಿನ ಕಣ್ಣಿನ ಇತಿಹಾಸ ಕೇಳದೆ ಏಳುವಂತಿರಲಿಲ್ಲ. ನಮ್ಮ ಬಳಗದವರು ಹವ್ಯಾಸಗಳ ಪ್ರದರ್ಶನ ಇಟ್ಟಾಗ ಮಖಮಲ್ ಬಟ್ಟೆ ಹಾಸಿ ಎಲ್ಲವನ್ನೂ ಜೋಡಿಸಿದೆ. ಒಬ್ಬ ಹೆಂಗಸು ಹಿತ್ತಾಳೆ ತಗಡನ್ನು ಕಿವಿಯ ಹತ್ತಿರ ಹಿಡಿದು, "ಇದರ ಜೋಡಿ ಎಲ್ಲಿ?" ಎಂದು ಕೇಳಿದರು.

ನಮ್ಮ ಕಚೇರಿಯಲ್ಲಿ ಚಹಾ ಮಾಡುವವರು ಮಲ್ಪೆ ಕಡೆಯವರು, ಮೀನುಗಾರರ ಮನೆಯವರು. ಒಂದು ದಿನ ನನ್ನ ಮೇಜಿನ ಮೇಲಿದ್ದ ಹಸಿರು ಮೀನನ್ನು ಎತ್ತಿಕೊಂಡು, ಅಂಗೈಯಲ್ಲಿ ತೂಗಿದರು.

"ಎಂತ ಸಾರ್, ಇದಕ್ಕೆ ಮೀನು ಬೀಳ್ತದಾ?"

"ಸಾಲ್ಮನ್ ಬೀಳುತ್ತಂತೆ."

"ನೀವು ನೀರಿಗೆ ಹಾಕಿ ನೋಡ್ಲಿಲ್ವಾ?"

"ಇದನ್ನ ನೀರಿಗೆ ಹಾಕಬಾರದು, ಹಾಳಾಗುತ್ತೆ."

ಅವರು ಹಸಿರು ಮೀನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಮೀನನ್ನು ನೀರಿಗೆ ಹಾಕಿದ್ರೆ ಹಾಳಾಗ್ತದೆ ಅಂತ ಇವತ್ತೇ ಕೇಳಿದ್ದು ಮಾರಾಯ್ರೇ" ಎಂದು ಲೋಟ ತೆಗೆದುಕೊಂಡು ಹೋದರು.

ಆ ಮಾತು ಒಂದು ತಿಂಗಳು ಕೊರೆಯಿತು. ಕೊನೆಗೆ ಒಂದು ಚಳಿಗಾಲದ ಶುಕ್ರವಾರ ಸಂಜೆ ಹಸಿರು ಮೀನನ್ನು ತೆಗೆದುಕೊಂಡು ಅವರ ಜತೆ ಕಡಲದಂಡೆಗೆ ಹೋದೆ. ತುಕ್ಕು ಹಿಡಿದ ಕೊಕ್ಕೆ ತೆಗೆದು ಹೊಸದು ಹಾಕಿದರು. ನಾನು ಮುಖ ತಿರುಗಿಸಿಕೊಂಡೆ. ಗಾಳದ ಕೋಲು ಬೀಸಿ ದೂರಕ್ಕೆ ಎಸೆದು, ಮೆಲ್ಲಗೆ ಎಳೆಯತೊಡಗಿದರು. "ನೋಡಿ ಈಗ" ಎಂದರು.

ಬಂಡೆಯ ಬುಡದ ತಿಳಿನೀರಿಗೆ ಅದು ಬಂದಾಗ ನೋಡಿದೆ. ಸೊಂಟ ಬಳುಕಿಸುತ್ತಾ, ಗಾಯವಾದ ಮೀನಿನ ಹಾಗೆ ಒಂದು ಪಕ್ಕಕ್ಕೆ ವಾಲಿ, ಮತ್ತೆ ಸಾವರಿಸಿಕೊಂಡು ಈಜುತ್ತಿತ್ತು. ಮೂರು ತಿಂಗಳು ಭೂತಗನ್ನಡಿಯಲ್ಲಿ ನೋಡಿದ್ದೆ. ಅದಕ್ಕೆ ಈಜು ಬರುತ್ತದೆಂದು ಗೊತ್ತಿರಲಿಲ್ಲ. "ಇನ್ನೊಂದ್ಸಲ ಹಾಕಿ" ಎಂದು ನಾನೇ ಕೇಳಿದೆ.

ಇನ್ನೊಂದು ಸಲ ಹಾಕಿದಾಗ ಕೋಲು ಬಿಲ್ಲಿನಂತೆ ಬಾಗಿತು. "ಹಮೂರ್! ಹಮೂರ್ ಸಾರ್!" ಎಂದು ಕೂಗಿದರು. ಹಮೂರ್ ಎಂದರೆ ಇಲ್ಲಿಯವರು ತಿನ್ನಲು ಪ್ರಾಣ ಬಿಡುವ ಮೀನು. ಎರಡು ನಿಮಿಷ ಎಳೆದಾಟ. ಆಮೇಲೆ ಟಪ್ಪೆಂದು ದಾರ ತುಂಡಾಯಿತು. ಮೀನು ಹೋಯಿತು, ನನ್ನ ಹಸಿರು ಮೀನೂ ಹೋಯಿತು.

ನನಗೆ ಸಿಟ್ಟು ಬರಬೇಕಾಗಿತ್ತು. ಅವರ ಮುಖ ನನ್ನದಕ್ಕಿಂತ ಸಣ್ಣಗಾಗಿತ್ತು. ತುಂಡಾದ ದಾರ ಸುತ್ತಿಕೊಳ್ಳುತ್ತಾ, "ಮೀನಿಗೆ ನಂಬಿಕೆ ಬಂತಲ್ಲ ಸಾರ್, ನಿಮ್ಮ ಕೆಲಸ ಒಳ್ಳೇದಾಗಿದೆ" ಎಂದರು. ಗುಂಪಿನ ಯಾವ ಹಿರಿಯನೂ ನನಗೆ ಅಂಥ ಪ್ರಶಸ್ತಿಪತ್ರ ಕೊಟ್ಟಿರಲಿಲ್ಲ.

ನಡೆದದ್ದನ್ನು ಗುಂಪಿಗೆ ಬರೆದೆ, ಬೈಗುಳಕ್ಕೆ ಸಿದ್ಧನಾಗಿ. ಎರಡು ದಿನ ಯಾರೂ ಉತ್ತರಿಸಲಿಲ್ಲ. ಮೂರನೆಯ ದಿನ ಆ ಹಿರಿಯನೇ ಖಾಸಗಿಯಾಗಿ ಬರೆದ. ತನ್ನ ಹತ್ತಿರ ನಾನೂರು ಗಾಳಗಳಿವೆ, ಒಂದನ್ನೂ ನೀರಿಗೆ ಹಾಕಿಲ್ಲ, ಅದು ಈಜುವಾಗ ಹೇಗಿತ್ತು, ದಯವಿಟ್ಟು ವಿವರವಾಗಿ ಬರೆಯಿರಿ ಎಂದಿದ್ದ. ಇದನ್ನು ಗುಂಪಿನಲ್ಲಿ ಯಾರಿಗೂ ಹೇಳಬೇಡಿ ಎಂದು ಕೊನೆಗೆ ಸೇರಿಸಿದ್ದ.