ಎಡಕ್ಕೆ ಸುತ್ತಿದ ಬೆಳ್ಳಿ

ಬೆಳ್ಳಿಯ ಸುರುಳಿ ಬೆಳೆಸುವ ಸಂಶೋಧನೆಗೆಂದು ನಾನು ಹಾಸನದ ಕಾಲೇಜಿಗೆ ಸೇರಿದಾಗ, ಅಲ್ಲಿನ ನಿರ್ವಾತ ಯಂತ್ರ ನೋಡಿಕೊಳ್ಳುತ್ತಿದ್ದ ತಂತ್ರಜ್ಞರಿಗೆ ಮೊದಲ ದಿನದಿಂದಲೇ ನನ್ನನ್ನು ಕಂಡರಾಗುತ್ತಿರಲಿಲ್ಲ. ನನಗೂ ಅಷ್ಟೇ. ಅವರು ಮಲ್ಲಿಪಟ್ಟಣದ ಕಡೆಯವರು. ಆ ಹಳೆಯ ಯಂತ್ರವನ್ನು ಬಿಚ್ಚಿ, ಜೋಡಿಸಿ, ಉಳಿಸಿಕೊಂಡು ಬಂದಿದ್ದರು. ಬೇರೆಯವರು ವಾಲ್ವ್ ಮುಟ್ಟಿದರೆ ಎಂಜಲಾಯಿತೇನೋ ಎಂಬಂತೆ ನೋಡುತ್ತಿದ್ದರು.

ಕೆಲಸ ಇಷ್ಟು: ಗಾಳಿ ಹೀರಿ ತೆಗೆದ ಗಾಜಿನ ಗುಮ್ಮಟದೊಳಗೆ ಬೆಳ್ಳಿಯನ್ನು ಕಾಯಿಸಿ ಆವಿ ಮಾಡಬೇಕು. ಮೇಲೊಂದು ಗಾಜಿನ ಚೂರನ್ನು ತೀರಾ ಓರೆಯಾಗಿ ಹಿಡಿದು, ಪುಟ್ಟ ಮೋಟಾರಿನಿಂದ ನಿಧಾನವಾಗಿ ತಿರುಗಿಸಿದರೆ ಬೆಳ್ಳಿ ಸ್ಪ್ರಿಂಗಿನಂತೆ ಸುತ್ತಿಕೊಂಡು ಬೆಳೆಯುತ್ತದೆ. ಒಂದು ಕೂದಲಿನ ದಪ್ಪದಲ್ಲಿ ಅಂಥ ನೂರಾರು ಸುರುಳಿ ನಿಲ್ಲುತ್ತವೆ. ಬರಿಗಣ್ಣಿಗೆ ಕಾಣುವುದು ಮಾಸಿದ ಗಾಜು ಮಾತ್ರ.

ಗಾಜು ಹಿಡಿಯಲು ಅವರೇ ಒಂದು ಹಿಡಿಕೆ ಮಾಡಿಕೊಟ್ಟಿದ್ದರು. ಅದು ಅಲುಗಾಡುತ್ತಿತ್ತು. ಅವರಿಗೆ ಹೇಳದೆ ಹೊಳೆನರಸೀಪುರದ ಲೇತ್ ಅಂಗಡಿಯಲ್ಲಿ ಬೇರೆಯದು ಮಾಡಿಸಿ ತಂದೆ. ಹಳೆಯದನ್ನು ಅವರ ಎದುರೇ ಗುಜರಿ ಡಬ್ಬಕ್ಕೆ ಎಸೆದೆ.

ಮೂರು ವಾರ ಕಳೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಮೈಸೂರಿನಿಂದ ಬಂದವು. ಬಲಕ್ಕೆ ಸುತ್ತಬೇಕಿದ್ದ ಸುರುಳಿಗಳೆಲ್ಲ ಎಡಕ್ಕೆ ಸುತ್ತಿದ್ದವು. ಹೋಗಿ ನೋಡಿದರೆ ಮೋಟಾರಿನ ವೈರುಗಳು ಅದಲುಬದಲಾಗಿ ಅದು ಉಲ್ಟಾ ತಿರುಗುತ್ತಿತ್ತು.

"ವೈರು ನೀವು ಬದಲಾಯಿಸಿದ್ರಾ?"

"ಊಂ, ನಾನೇ," ಅಂದರು, ಪಂಪಿಗೆ ಎಣ್ಣೆ ಹಾಕುತ್ತಲೇ.

"ಯಾಕೆ?"

"ನಾನ್ ಮಾಡಿದ್ ಇಡಿಕೆ ಗುಜ್ರಿಗಾಕ್ದಾಗ ನನ್ನ ಕೇಳಿದ್ರಾ? ಅಂಗೇ ನಾನೂ ಕೇಳ್ನಿಲ್ಲ."

"ಮೂರು ವಾರದ ಕೆಲಸ ಹಾಳಾಯ್ತು. ಪ್ರಿನ್ಸಿಪಾಲರಿಗೆ ಬರೆದುಕೊಡ್ತೀನಿ."

"ಬರ್ಕೊಡಿ ಮೇಡಮ್. ನಾನಿಲ್ದೆ ಈ ಮಿಶಿನ್ ಅದೆಂಗ್ ಓಡ್ಸೀರೋ ನೋಡ್ತೀನಿ."

ವೈರು ಸರಿಮಾಡಿಕೊಂಡು, ದೂರು ಬರೆದುಕೊಟ್ಟೆ. ಅವರನ್ನು ಸಾಮಾನಿನ ಕೋಣೆಯ ಕೆಲಸಕ್ಕೆ ಹಾಕಿದರು. ಮರುವಾರವೇ ಯಂತ್ರ ಎಲ್ಲೋ ಸೋರಿ ಹೊರಗಿನ ಗಾಳಿ ಎಳೆಯತೊಡಗಿತು. ಎರಡು ತಿಂಗಳು ಒಂದೊಂದೇ ಜೋಡಣೆಗೆ ಸ್ಪಿರಿಟ್ ಹಚ್ಚಿ, ಒತ್ತಡದ ಮುಳ್ಳು ಅಲುಗುವುದೇ ಎಂದು ನೋಡುತ್ತ ಸೋರುವ ಜಾಗ ಹುಡುಕಿದೆ. ಕೊನೆಗೆ ಹಲ್ಲು ಕಚ್ಚಿಕೊಂಡು ಅವರ ಕೋಣೆಗೆ ಹೋದೆ.

"ಎಲ್ಲಿ ಲೀಕಾಗ್ತಿದೆ ಅಂತ ನಿಮಗೆ ಗೊತ್ತಿರಬೇಕು."

"ಗೊತ್ತು," ಅಂದರು. "ಯೋಳಕಿಲ್ಲ."

ತಿರುಗಿ ಬಂದೆ. ಇನ್ನೂ ಒಂಬತ್ತು ದಿನ ಹುಡುಕಿದ ಮೇಲೆ, ಗುಮ್ಮಟ ಕೂರುವ ತಳದ ತಟ್ಟೆಯ ರಬ್ಬರ್ ಬಳೆಯಲ್ಲಿ ಉಗುರಿನ ಗೀರಿನಷ್ಟು ಬಿರುಕು ಸಿಕ್ಕಿತು. ಬಳೆ ಬದಲಾಯಿಸಿದೆ, ಸುರುಳಿಗಳು ಬಲಕ್ಕೇ ಬೆಳೆದವು. ಆ ಸಂತೋಷವನ್ನು ಹಂಚಿಕೊಳ್ಳುವಷ್ಟು ಯಂತ್ರ ಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ ಇದ್ದರು. ನಾನು ಹೇಳಲಿಲ್ಲ. ಈಗಲೂ ನಾನು ಕ್ಯಾಂಟೀನಿಗೆ ಹೋದರೆ ಅವರು ಅರ್ಧ ಕುಡಿದ ಟೀ ಬಿಟ್ಟು ಎದ್ದು ಹೋಗುತ್ತಾರೆ. ನಾನು ನಿಧಾನವಾಗಿ ಕೂತು ಕುಡಿಯುತ್ತೇನೆ.