ನೀರಿಗಿಳಿದ ಹೊಲಿಗೆ ಟೀಚರ್

ನಮ್ಮ ಹೊಲಿಗೆ ಟೀಚರ್ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಬಾಯಿಯ ಒಂದು ಮೂಲೆಯಲ್ಲಿ ಸೂಜಿ, ಇನ್ನೊಂದು ಮೂಲೆಯಿಂದ ಮಾತು. "ಬಟ್ಟೆ ಜಗ್ಗಬ್ಯಾಡ ಕಣೇ, ಅದ್ರ ಪಾಡಿಗೆ ಅದು ಹೋಗ್ತೈತೆ" ಎಂದು ಮಕ್ಕಳನ್ನು ಗದರುವಾಗಲೂ ಒಂದು ಸೂಜಿಯೂ ಕೆಳಗೆ ಬಿದ್ದದ್ದನ್ನು ನಾನು ಕಾಣೆ.

ಎಪ್ಪತ್ತರ ದಶಕದ ಮೊದಲಲ್ಲಿ ಹಿರಿಯೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಬಾಡಿಗೆಗೆ ಸಿಕ್ಕ ಕೋಣೆ ಅವರ ಮನೆಗೆ ಅಂಟಿಕೊಂಡೇ ಇತ್ತು. ಲಿಂಗಾಯತರ ಹುಡುಗಿ ಕ್ರೈಸ್ತರ ಮನೆಯ ಪಕ್ಕದಲ್ಲಿ ಒಬ್ಬಳೇ ಇರುವುದು ನನ್ನನ್ನು ಬಿಡಲು ಬಂದಿದ್ದ ಅವ್ವನಿಗೆ ಹಿಡಿಸಲಿಲ್ಲ. ಟೀಚರ್ ಅದನ್ನು ಮುಖದಲ್ಲೇ ಓದಿಕೊಂಡರು. "ನಿಮ್ಮ ಮಗಳಿಗೆ ಅಡುಗೆ ಬರ್ತೈತೇನ್ರಿ ಅಮ್ಮಾ? ಬರದಿದ್ರೆ ನಾನು ಬಾಗಿಲಾಗೆ ನಿಂತ್ಕಂಡು ಹೇಳ್ಕೊಡ್ತೀನಿ. ಒಲೆ ಮುಟ್ಟಲ್ಲ." ಅವ್ವ ನಕ್ಕುಬಿಟ್ಟಳು. ನಾನು ಅಲ್ಲೇ ಉಳಿದೆ.

ಅವರ ಗಂಡ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು, ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸು. ಬೆಳಿಗ್ಗೆ ತಾಯಿ ಮಗಳು ಪ್ರಾರ್ಥನೆ ಮಾಡುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಹುಡುಗಿ ಲೆಕ್ಕದ ಪರೀಕ್ಷೆ, ಪಕ್ಕದ ಮನೆಯ ಕುಂಟು ಮೇಕೆ, ನನ್ನ ಕೆಮ್ಮು, ಎಲ್ಲವನ್ನೂ ದೇವರ ಕಿವಿಗೆ ಹಾಕುತ್ತಿದ್ದಳು.

ಆ ಬೇಸಿಗೆ ಮಾರಿಕಣಿವೆ ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟಿದ್ದರು. ಗೆಳತಿಯರ ಜೊತೆ ಬಟ್ಟೆ ಒಗೆಯಲು ಹೋದ ಹುಡುಗಿ ಕಾಲು ಜಾರಿ ಬಿದ್ದಳು. ದಡದ ತುಂಬ ಹೆಂಗಸರಿದ್ದರು. ಕೂಗಿದರು, ಸೀರೆಯ ಸೆರಗು ಎಸೆದರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಗದ್ದೆಯಿಂದ ಗಂಡಸರು ಓಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು: ದೇವರ ಇಚ್ಛೆ. ಅವರ ಚರ್ಚಿನವರೂ ಹೇಳಿದರು, ನಮ್ಮವರೂ ಹೇಳಿದರು. ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ ಟೀಚರ್ ಕೊನೆಗೆ ತಲೆ ಎತ್ತಿದರು.

"ಹಂಗನ್ಬ್ಯಾಡ್ರಿ. ನನ್ನ ದೇವ್ರು ಮಕ್ಕಳನ್ನ ಮುಳುಗಿಸೋನಲ್ಲ. ಅವನೂ ಈಗ ನನ್ನ ಜತೆ ಕುಂತು ಅಳ್ತಾವ್ನೆ."



ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ, ಟೀಚರ್ ಚರ್ಚಿನಿಂದ ಬಂದವರೇ ನನ್ನ ಬಾಗಿಲು ತಟ್ಟಿದರು. "ಬಾರಮ್ಮ, ಮಾರಿಕಣಿವೆಗೆ ಹೋಗಾಣ." ಅವರನ್ನು ಒಬ್ಬರನ್ನೇ ನೀರಿನ ಹತ್ತಿರ ಕಳಿಸಲು ಹೆದರಿ ನಾನೂ ಬಸ್ಸು ಹತ್ತಿದೆ. ಅಲ್ಲಿ ಮೀನು ಹಿಡಿಯುವವರ ಮನೆಯ ಮುದುಕಿಯೊಬ್ಬಳ ಮುಂದೆ ನಿಂತು, "ನಂಗೆ ಈಜು ಕಲಿಸವ್ವಾ" ಎಂದರು.

"ಈ ವಯಸ್ನಾಗಾ?" ಮುದುಕಿಗೆ ನಗು. ಟೀಚರಿಗೆ ಆಗಲೇ ನಲವತ್ತು ದಾಟಿತ್ತು.

"ನನ್ನ ಮಗಳ ಜತೆ ದಡದಾಗೆ ಅಷ್ಟು ಜನ ಹೆಂಗಸ್ರಿದ್ರು. ಒಬ್ಳಿಗೆ ಬಂದಿದ್ರೆ ಸಾಕಿತ್ತು."

ಮುದುಕಿ ನಗು ನಿಲ್ಲಿಸಿ ಕಚ್ಚೆ ಬಿಗಿದಳು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದರು. ಮೊಣಕಾಲಿಗೆ ನೀರು ಬಂದಿತ್ತು ಅಷ್ಟೆ, ಇಡೀ ಮೈ ಗಡಗಡ ನಡುಗತೊಡಗಿತು. "ಬ್ಯಾಡ, ಬಂದ್ಬಿಡ್ರಿ ಟೀಚರ್" ಎಂದು ನಾನು ಕೂಗಿದೆ. ಅವರು ತಿರುಗಲಿಲ್ಲ. ತುಟಿ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ನಿಂತು, ಎದೆಮಟ್ಟದ ನೀರಿಗೆ ನಡೆದರು. ವಾಪಸು ಬಸ್ಸಿನಲ್ಲಿ ಮೂಗು ಕೆಂಪಾಗಿ, ಕಿವಿಯಿಂದ ನೀರು ಸೋರುತ್ತಿದ್ದಾಗ ಹೇಳಿದರು: "ಮುಂದಿನ ವಾರಾನೂ ಬರಾಣ."

ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಸಲೀಸಾಗಿ ಈಜುತ್ತಿದ್ದರು. ಆಮೇಲೆ ಒರಟು ಮಾರ್ಕಿನ್ ಬಟ್ಟೆ ತಂದು ಹುಡುಗಿಯರ ಅಳತೆಗೆ ತುಂಬುತೋಳಿನ ಅಂಗಿ, ಪೈಜಾಮ ಹೊಲಿಯಲು ಕುಳಿತರು. ಮೈ ಕಾಣುತ್ತದೆ ಎಂದು ಯಾವ ತಾಯಿಯೂ ತಕರಾರು ಮಾಡಬಾರದು! ಊರಾಚೆ ತೋಟದ ಗೌಡರನ್ನು ಕೇಳಿ, ಮೆಟ್ಟಿಲಿದ್ದ ದೊಡ್ಡ ಬಾವಿಯಲ್ಲಿ ಶನಿವಾರ ಮಧ್ಯಾಹ್ನ ಶಾಲೆಯ ಹುಡುಗಿಯರಿಗೆ ಈಜು ಕಲಿಸಲು ಶುರುಮಾಡಿದರು. ತೇಲಲೆಂದು ಬೆನ್ನಿಗೆ ಒಣಗಿದ ಕತ್ತಾಳೆಯ ಬೆಂಡು ಕಟ್ಟಿ ಒಬ್ಬೊಬ್ಬಳನ್ನೇ ಇಳಿಸುತ್ತಿದ್ದರು. ನನ್ನನ್ನೂ ಬಿಡಲಿಲ್ಲ. "ದಡದಾಗೆ ನಿಂತ್ಕಂಡು ಕೂಗೋರು ಬ್ಯಾಡ ನಂಗೆ. ಇಳಿ."

ಊರಲ್ಲಿ ಗುಸುಗುಸು ಎದ್ದಿತು. ಕ್ರೈಸ್ತರ ದೀಕ್ಷಾಸ್ನಾನದಂತೆ ನೀರಿನಲ್ಲಿ ಮುಳುಗಿಸಿ ಹುಡುಗಿಯರ ಜಾತಿ ಕೆಡಿಸುತ್ತಾಳಂತೆ. ಒಂದು ದಿನ ಕಿರಾಣಿ ಅಂಗಡಿಯವರೊಬ್ಬರು ಶಾಲೆಯ ಬಾಗಿಲಲ್ಲೇ ಕೂಗಾಡಿದರು. "ನಮ್ಮ ಮಕ್ಕಳನ್ನ ನೀರಾಗೆ ಮುಳುಗ್ಸಿ ನಿಮ್ಮ ದೇವ್ರಿಗೆ ಸೇರಿಸ್ಕಂತೀರೇನ್ರಿ?"

ಶಾಲೆಯೆಲ್ಲ ಕಿಟಕಿಗೆ ಬಂದು ನಿಂತಿತು. ಟೀಚರ್ ಮೆಲ್ಲಗೆ ಹೊರಗೆ ಬಂದರು.

"ಮುಳುಗಿದ್ದು ನನ್ನ ಮಗಳು ಅಣ್ಣಾ. ನಿಮ್ಮ ಮಗಳು ತೇಲ್ಲಿ ಅಂತ ಇಷ್ಟೆಲ್ಲ ಮಾಡ್ತಿರಾದು. ನಂಬಿಕೆ ಇಲ್ಲ ಅಂದ್ರೆ ಶನಿವಾರ ನೀವೂ ಬರ್ರಿ. ಬಾವಿ ಕಟ್ಟೆ ಮ್ಯಾಲೆ ಕುಂತ್ಕಳ್ರಿ. ನನ್ನ ಬಾಯಾಗೆ ದೇವ್ರ ಹೆಸರು ಬಂದ್ರೆ ಅಲ್ಲೇ ನಿಲ್ಲಿಸ್ರಿ."

ಅವರು ನಿಜವಾಗಿಯೂ ಬಂದರು. ಟವೆಲು ಹೆಗಲಿಗೆ ಹಾಕಿಕೊಂಡು ಸಾಯಂಕಾಲದವರೆಗೂ ಕಟ್ಟೆಯ ಮೇಲೆ ಕುಳಿತರು. ಟೀಚರ್ ಬಾಯಿಂದ ಬಂದದ್ದು "ಕಾಲು ಬಡಿ, ಉಸ್ರು ಬಿಡು, ಹೆದರ್ಬ್ಯಾಡ" ಅಷ್ಟೆ. ಮುಂದಿನ ಶನಿವಾರ ಅಂಗಡಿಯವರು ತಮ್ಮ ಮಗಳ ಕೈ ಹಿಡಿದುಕೊಂಡು ಬಂದರು. ಬೆಂಡನ್ನು ತಾವೇ ಕಟ್ಟಿದರು.

ಆಮೇಲೆ ನನಗೆ ಮದುವೆಯಾಯಿತು, ಹೊಳಲ್ಕೆರೆಗೆ ವರ್ಗವಾಯಿತು. ಆಗಷ್ಟೇ ನಡೆಯಲು ಕಲಿತಿದ್ದ ನನ್ನ ಮೊದಲ ಮಗ ಜ್ವರ ಬಂದು ತೀರಿಕೊಂಡ. ನಾನು ಮೂಲೆ ಹಿಡಿದೆ. ಊಟ ಬಿಟ್ಟೆ, ಮಾತು ಬಿಟ್ಟೆ, ಕೊರಳಿನ ಲಿಂಗ ತೆಗೆದು ಗೂಡಿನಲ್ಲಿಟ್ಟೆ. ಯಾರು ಸುದ್ದಿ ಮುಟ್ಟಿಸಿದರೋ, ಟೀಚರ್ ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿಕೊಂಡು ಬಂದರು. ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

ಕೊನೆಗೆ ನಾನೇ ಕೇಳಿದೆ. "ಅಷ್ಟಾದ ಮ್ಯಾಲೂ ನೀವು ಹೆಂಗೆ ಪ್ರಾರ್ಥನೆ ಮಾಡಿದ್ರಿ ಟೀಚರ್?"

"ಎಲ್ಲಿ ಮಾಡ್ದೆ? ಬೈದೆ ಕಣಮ್ಮ. ದಿನಾ ಬೆಳಿಗ್ಗೆ ಮಂಡಿ ಊರಿ ಕುಂತು ಬಾಯಿಗೆ ಬಂದಂಗೆ ಬೈದೆ. ಅವನು ಎದ್ದು ಹೋಗ್ಲಿಲ್ಲ, ಕೇಳಿಸ್ಕಂಡ. ಅದಕ್ಕೇ ನಾನೂ ಎದ್ದು ಹೋಗ್ಲಿಲ್ಲ. ನೀನೂ ಬೈಯಿ, ನಿನ್ನ ಶಿವನ್ನ. ಲಿಂಗ ಕೈಯಾಗಿಟ್ಕಂಡೇ ಬೈಯಿ. ಆದ್ರೆ ಗಂಜಿ ಕುಡಿದು ಬೈಯಿ. ಶಕ್ತಿ ಬೇಕಾಗ್ತೈತೆ."

ಗಂಜಿ ಕಾಸಿ ತಂದು ಕುಡಿಸಿದರು. ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದರು. ನಾನು ಸ್ನಾನ ಮಾಡಿ, ಸೀರೆ ಉಟ್ಟು ಶಾಲೆಗೆ ಹೊರಟ ದಿನವೇ ಅವರು ಹಿರಿಯೂರಿನ ಬಸ್ಸು ಹತ್ತಿದ್ದು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಮಗಳ ಪಕ್ಕದಲ್ಲೇ ಅವರನ್ನು ಮಣ್ಣುಮಾಡಿದರು. ಪಾದ್ರಿಗಳು ಪ್ರಾರ್ಥಿಸುವಾಗ ನಾನು ಹಣೆಯ ವಿಭೂತಿಯಲ್ಲೇ ಹೋಗಿ ನಿಂತಿದ್ದೆ. ಅವರ ಧರ್ಮಕ್ಕೆ ನಾನು ಸೇರಲಿಲ್ಲ, ಅವರು ಒಂದು ದಿನವೂ ಕರೆಯಲಿಲ್ಲ. ಆದರೆ ಎದ್ದು ಹೋಗದೆ ದೇವರೆದುರು ಕುಳಿತಿರುವುದನ್ನು ನನಗೆ ಕಲಿಸಿದವರು ಅವರು. ಹೊಳಲ್ಕೆರೆಯ ಆ ಮೂಲೆಯಿಂದ ನನ್ನನ್ನು ಎಬ್ಬಿಸಿದ್ದು ನನ್ನ ಗಟ್ಟಿತನವಲ್ಲ, ಅವರದು. ಈವತ್ತಿಗೂ ಅದರ ಬಲದ ಮೇಲೆಯೇ ನಿಂತಿದ್ದೇನೆ.