ವಾಸಿಂ ಸೀಟಿನಲ್ಲಿ ಗಿರಿಜಾಂಬ

ಚನ್ನಪಟ್ಟಣದ ಗವಿಸಿದ್ದಯ್ಯನವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರ ಜೊತೆಯಲ್ಲೇ ಕೆಲಸ ಬಿಟ್ಟ ಡ್ರೈವರೊಬ್ಬರು ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೋಗಿಬಂದರು. ಇನ್ನೊಬ್ಬರು ಹೊಂಗನೂರಿನ ಹತ್ತಿರ ಹಿಪ್ಪುನೇರಳೆ ನೆಟ್ಟು ರೇಷ್ಮೆಹುಳು ಸಾಕತೊಡಗಿದರು. ಗವಿಸಿದ್ದಯ್ಯನವರು ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಸೀಸನ್ ಟಿಕೆಟ್ ತಗೊಂಡರು.

ನೆಂಟರಿಷ್ಟರಿಗೆಲ್ಲ ಇದೊಂದು ನಗೆಯ ಮಾತಾಯಿತು. ಆದರೆ ಈ ಆಸೆ ಹಳೆಯದು. ಡ್ಯೂಟಿಯಲ್ಲಿದ್ದಾಗ ಬೆಂಗಳೂರು ತಲುಪಿದ ಬಸ್ಸು ವಾಪಸ್ಸು ಹೊರಡುವ ತನಕ ಒಂದಷ್ಟು ಬಿಡುವು ಸಿಗುತ್ತಿತ್ತು. ಉಳಿದವರು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದರೆ, ಇವರು ಚೀಲ ಹೆಗಲಿಗೇರಿಸಿಕೊಂಡು ಹತ್ತಿರದ ಮೈದಾನಕ್ಕೆ ಓಡಿ, ಬೇಲಿಯ ಆಚೆ ನಿಂತು ಕಾರ್ಖಾನೆ ತಂಡಗಳ ಪಂದ್ಯ ನೋಡುತ್ತಿದ್ದರು. ಆಟ ಕಾವೇರುವ ಹೊತ್ತಿಗೆ ಬಸ್ಸಿನ ಟೈಮಾಗುತ್ತಿತ್ತು. ಹಾಗಾಗಿ ಅಷ್ಟು ವರ್ಷದಲ್ಲಿ ಒಂದು ಪಂದ್ಯವನ್ನಾದರೂ ಅವರು ಕೊನೆಯವರೆಗೆ ನೋಡಿದ್ದಿಲ್ಲ. ಕುರ್ಚಿಯಲ್ಲಿ ಕೂತು, ಮೊದಲ ಸೀಟಿಯಿಂದ ಕೊನೆಯ ಸೀಟಿಯ ತನಕ ಆಟ ನೋಡಬೇಕು: ನಿವೃತ್ತಿಯ ಮೇಲೆ ಅವರು ಇಟ್ಟುಕೊಂಡಿದ್ದ ಆಸೆ ಇಷ್ಟೇ.

ಸೀಸನ್ ಟಿಕೆಟ್ಟಿನವರಿಗೆ ವರ್ಷವಿಡೀ ಒಂದೇ ಸೀಟು; ಅವರ ಪಕ್ಕದ್ದು ವಾಸಿಂನದು. ರಾಮನಗರದ ಹುಡುಗ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಮೊದಲ ದಿನವೇ ಇಬ್ಬರಿಗೂ ಜಗಳವಾಯಿತು. ವಾಸಿಂ ಎದ್ದು ನಿಂತು ಕೂಗುತ್ತಿದ್ದ. ಗವಿಸಿದ್ದಯ್ಯನವರು ಅವನ ಅಂಗಿ ಹಿಡಿದು ಎಳೆದು, "ಕೂತ್ಕಳಪ್ಪಾ, ನಾನು ಜೀವ್ಮಾನೆಲ್ಲಾ ನಿಂತಿದ್ದು ಸಾಕಾಗೈತೆ, ಈಗ್ಲಾದ್ರೂ ಕೂತ್ಕಂಡು ನೋಡಾನ," ಎಂದರು. ಅವನಿಗೆ ನಗು ಬಂತು. ಆಟ ಮುಗಿದ ಮೇಲೆ ನೋಡಿದರೆ ಇಬ್ಬರೂ ಒಂದೇ ಪ್ಯಾಸೆಂಜರ್ ರೈಲಿಗೆ ಹೊರಟವರು. ರಾಮನಗರ ಬರುವಷ್ಟರಲ್ಲಿ ಸ್ನೇಹ ಕುದುರಿತ್ತು.

ಗವಿಸಿದ್ದಯ್ಯನವರು ಕೂಗುವವರಲ್ಲ. ತಮ್ಮ ತಂಡದವನು ಚೆಂಡು ಹಿಡಿದು ಮುನ್ನುಗ್ಗಿದರೆ "ರೈಟ್, ರೈಟ್" ಎನ್ನುವರು. ಎದುರಾಳಿ ನುಗ್ಗಿದರೆ ಮುಂದಿನ ಕುರ್ಚಿಯ ಬೆನ್ನು ತಟ್ಟಿ "ಹೋಲ್ಡಾನ್" ಎನ್ನುವರು. ಇಷ್ಟೇ ಅವರ ಬೆಂಬಲ. ಎರಡನೇ ವರ್ಷದ ಹೊತ್ತಿಗೆ ಸುತ್ತಲಿನ ನಾಲ್ಕಾರು ಸಾಲಿನವರೆಲ್ಲ "ಹೋಲ್ಡಾನ್" ಎಂದು ಕೂಗುವುದನ್ನು ಕಲಿತಿದ್ದರು.

ಮೂರನೇ ವರ್ಷ ವಾಸಿಂನ ಫ್ಯಾಕ್ಟರಿಯಲ್ಲಿ ಪಾಳಿ ಬದಲಾಯಿತು. ಅವನಿಗೆ ಮಧ್ಯಾಹ್ನದ ಪಾಳಿ ಬಿತ್ತು. ವಾರದ ರಜೆಯೂ ಭಾನುವಾರದಿಂದ ಬುಧವಾರಕ್ಕೆ ಹೋಯಿತು. ಪಂದ್ಯಗಳು ಹೆಚ್ಚೂಕಡಿಮೆ ಭಾನುವಾರವೇ. ಸೀಸನ್ ಟಿಕೆಟ್ಟಿನ ಕಾರ್ಡು ಸುಮ್ಮನೆ ಬೀರುವಿನಲ್ಲಿ ಕೊಳೆಯುವುದು ಬೇಡವೆಂದು ಅವನು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದೊಂದು ಪಂದ್ಯಕ್ಕೆ ಒಬ್ಬೊಬ್ಬರಿಗೆ ಅದನ್ನು ಮಾರತೊಡಗಿದ. ಆ ಗುಂಪಿನಲ್ಲಿ ಹೀಗೆ ಮಾಡುವವರು ಬಹಳ ಜನ ಇದ್ದರು. ಕಾರ್ಡಿನ ಹಿಂಭಾಗದಲ್ಲಿ ಮಾತ್ರ, ಬೇರೆಯವರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು.

ಗವಿಸಿದ್ದಯ್ಯನವರ ಪಕ್ಕದಲ್ಲಿ ಈಗ ಪ್ರತಿ ಸಲವೂ ಹೊಸ ಮುಖ. ಒಬ್ಬ ಆಟವಿಡೀ ಫೋನಿನಲ್ಲಿ ಸೈಟು ವ್ಯಾಪಾರ ಮಾತಾಡಿದ. ಇನ್ನೊಬ್ಬ ಎದುರಾಳಿಗಳ ಕಡೆಯವನು. ಗೋಲಾದಾಗ ಇವರ ಕಿವಿಯಲ್ಲೇ ಪೀಪಿ ಊದಿದ. ಬುಧವಾರ ವಾಸಿಂ ಸಿಕ್ಕಾಗ ಗವಿಸಿದ್ದಯ್ಯನವರು ಬೇಜಾರು ತೋಡಿಕೊಂಡರು.

"ಯಾರ್‍ಯಾರ್ನೋ ತಂದು ಕೂರುಸ್ತೀಯಲ್ಲಪ್ಪಾ. ಒಬ್ನಿಗಾದ್ರೂ ಆಟ ಗೊತ್ತಾ?"

"ನಾನೇನ್ ಮಾಡ್ಲಿ ಯಜಮಾನ್ರೇ, ಶಿಫ್ಟ್ ಹಾಕ್ಬುಟ್ಟವ್ರೆ. ನಿಮ್ಗೆ ಬೇಕಾದೋರ್ನ ನೀವೇ ಕರ್ಕೊಂಡೋಗಿ. ಕಾರ್ಡು ಬೇಕಾದ್ರೆ ಈಗ್ಲೇ ಇಸ್ಕಳಿ."

ಈ ಮಾತನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಗಿರಿಜಾಂಬನಿಗೆ ಹೇಳಿ, "ನಾನು ಯಾರ್ನ ಕರ್ಕೊಂಡೋಗ್ಲಿ ಹೇಳು," ಎಂದು ನಕ್ಕರು. ಗಿರಿಜಾಂಬ ಅನ್ನ ಬಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾಕೆ, ನಾನು ಬರ್ಬಾರ್ದಾ?"

ಗವಿಸಿದ್ದಯ್ಯನವರು ತುತ್ತು ತಟ್ಟೆಗೇ ಇಟ್ಟು ಹೆಂಡತಿಯ ಮುಖ ನೋಡಿದರು. ಮದುವೆಯಾದಾಗಿನಿಂದ ಆಕೆ ಎಲ್ಲಿಗೂ ಬರುತ್ತೇನೆಂದು ಬಾಯಿಬಿಟ್ಟು ಕೇಳಿದವರಲ್ಲ. ಜೊತೆಯಾಗಿ ಪ್ರಯಾಣ ಮಾಡಿದ್ದೂ ಅಷ್ಟಕ್ಕಷ್ಟೆ. ಹೊಸದರಲ್ಲಿ ಒಮ್ಮೆ ಮಾಗಡಿಯ ತವರಿಗೆ ಹೋಗಲು ಆಕೆ ಗಂಡ ಕಂಡಕ್ಟರಾಗಿದ್ದ ಬಸ್ಸನ್ನೇ ಹತ್ತಿದ್ದರು. ಅದೇ ದಿನ ತನಿಖೆಯವರೂ ಹತ್ತಿದ್ದರಿಂದ ಗವಿಸಿದ್ದಯ್ಯನವರು ಹೆಂಡತಿಯ ಮುಂದೆ ನಿಂತು, ಗುರುತಿಲ್ಲದವರ ಹಾಗೆ, "ಎಲ್ಲಿಗಮ್ಮಾ?" ಎಂದು ಕೇಳಿ ಟಿಕೆಟ್ ಹರಿದುಕೊಟ್ಟಿದ್ದರು. ಆಕೆ ದಾರಿಯುದ್ದಕ್ಕೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು.

ಆದರೂ ಕಾರ್ಡಿನ ಹಿಂದಿನ ಸಾಲು ಗವಿಸಿದ್ದಯ್ಯನವರನ್ನು ಕಾಡಿತು. ಇನ್ನೊಬ್ಬರ ಪಾಸು ತೋರಿಸಿದವರನ್ನು ಬಸ್ಸಿನಿಂದ ಇಳಿಸಿದ ಕೈ ಅವರದು. ಮರುದಿನವೆಲ್ಲ ಯೋಚನೆ ಮಾಡಿದರು. ಸಂಜೆ ನೋಡಿದರೆ ಗಿರಿಜಾಂಬ ಆಗಲೇ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆದು ಇಸ್ತ್ರಿಗೆ ಕೊಟ್ಟಿದ್ದರು. ಆಮೇಲೆ ಗವಿಸಿದ್ದಯ್ಯನವರು ಕಾರ್ಡಿನ ನಿಯಮದ ಮಾತು ಎತ್ತಲಿಲ್ಲ.

ವಾಸಿಂನ ಕಾರ್ಡು ಇಸಿದುಕೊಂಡು ಭಾನುವಾರ ಇಬ್ಬರೂ ರೈಲಿನಲ್ಲಿ ಹೋದರು. ಗೇಟಿನ ಯಂತ್ರ ವಾಸಿಂನ ಕಾರ್ಡನ್ನು ನೋಡಿ ಕೀಚ್ ಎಂದು ದಾರಿ ಬಿಟ್ಟಿತು. ಅಷ್ಟು ದೊಡ್ಡ ಹಸಿರು ಮೈದಾನ ಕಂಡು ಗಿರಿಜಾಂಬ ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಏನೂಂದ್ರೆ, ಇಷ್ಟು ಹುಲ್ಲು ಬೆಳ್ಸವ್ರಲ್ಲ, ಒಂದು ಹಸೂನೂ ಬುಡಲ್ವಾ?"

ಆಟ ಶುರುವಾಯಿತು. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡಿದರೆ ಗಿರಿಜಾಂಬನ ಕಣ್ಣು ಗೋಲ್‌ಕೀಪರ್ ಮೇಲೆ. "ಆ ಮಗ ಒಬ್ನೇ ನಿಂತವ್ನಲ್ಲಾ. ಯಾರೂ ಹತ್ರಕ್ಕೋಗಿ ಮಾತಾಡ್ಸಲ್ವಾ?" ಎಂದು ಕೊರಗಿದರು. ಚೆಂಡು ಅವನ ಕಡೆ ಬಂದರೆ ಇವರ ಎದೆ ಹಾರುವುದು. ದೂರ ಹೋದರೆ ನೆಮ್ಮದಿ. ಗೋಲು ಹೊಡೆಯುವುದೇ ಆಟದ ಗುರಿ ಎಂದು ಗಂಡ ಎಷ್ಟು ಬಿಡಿಸಿ ಹೇಳಿದರೂ, "ಅವ್ನೂ ಯಾರೋ ಹೆತ್ತ ಮಗ ತಾನೇ," ಎಂದು ಎದುರು ತಂಡದ ಕೀಪರಿಗೂ ಮರುಗಿದರು.

ಕೊನೆಯ ಗಳಿಗೆಯಲ್ಲಿ ಬೆಂಗಳೂರಿನ ಕಡೆಯವರು ಗೋಲು ಹೊಡೆದಾಗ ಇಡೀ ಸ್ಟ್ಯಾಂಡು ಎದ್ದು ನಿಂತಿತು. ಆ ಸದ್ದಿಗೆ ಬೆದರಿದ ಗಿರಿಜಾಂಬ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸದ್ದಡಗಿ ಜನ ಕೂತ ಮೇಲೂ ಬಿಡಲಿಲ್ಲ. ಗವಿಸಿದ್ದಯ್ಯನವರು ಆಚೀಚೆ ನೋಡಿದರು. ಯಾರೂ ಇವರ ಕಡೆ ನೋಡುತ್ತಿರಲಿಲ್ಲ. ಅವರೂ ಕೈ ಎಳೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಗಿರಿಜಾಂಬನೇ ಮೊದಲು ತಯಾರಾಗುವರು. ವಾಸಿಂನ ಸೀಟು ಅವರದೇ ಆಯಿತು. ಮಾರುವುದನ್ನು ವಾಸಿಂ ಪೂರ್ತಿ ಬಿಟ್ಟ. "ಅಮ್ಮಾರು ಕೂತ್ರೆ ನಾನು ಕೂತಂಗೇ," ಎಂದ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ.

ಅಷ್ಟರಲ್ಲಿ ಕ್ಲಬ್ಬಿನವರಿಗೆ ಕಾರ್ಡುಗಳು ಕೈಬದಲಾಗುವ ಸುದ್ದಿ ಮುಟ್ಟಿತ್ತು. ಒಂದು ಭಾನುವಾರ ಗವಿಸಿದ್ದಯ್ಯನವರು ಎಂದಿನಂತೆ ಮೊದಲು ಗೇಟು ದಾಟಿ ಒಳಗೆ ಹೋದರು. ಹಿಂದೆ ತಿರುಗಿದರೆ ಗಿರಿಜಾಂಬ ಬರಲಿಲ್ಲ. ಕಂಬಿಯ ಆಚೆ, ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗಿಯೊಬ್ಬಳು ಆಕೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕಾರ್ಡು ನೋಡುತ್ತಿದ್ದಳು.

"ಅಮ್ಮಾ, ಇದ್ರಲ್ಲಿ ವಾಸಿಂ ಅಂತ ಇದೆ. ಯಾರವರು?"

"ನಮ್ಮ ಹುಡ್ಗ ಕಣವ್ವಾ."

"ನಿಮ್ಮ ಆಧಾರ್ ತೋರಿಸ್ತೀರಾ?"

ಗಿರಿಜಾಂಬ ಪರ್ಸಿಗೆ ಕೈಹಾಕಲೂ ತೋಚದೆ ಗಂಡನ ಕಡೆ ನೋಡಿದರು. ಹಿಂದಿನ ಸಾಲಿನ ಜನ ಕತ್ತುದ್ದ ಮಾಡಿದರು. ಗವಿಸಿದ್ದಯ್ಯನವರು ಗೇಟಿನ ಕಡೆ ಬಂದರು. ಕಾವಲಿನವನು ತಡೆದ.

"ಸಾರ್, ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ."

ಒಳಗೆ ತಂಡಗಳು ಮೈದಾನಕ್ಕಿಳಿದ ಸದ್ದು ಕೇಳಿಸಿತು. ಆ ವರ್ಷದ ದೊಡ್ಡ ಪಂದ್ಯ ಅದು. ಗೆದ್ದರೆ ಮುಂದಿನ ಹಂತ. "ಬುಡಪ್ಪಾ ದಾರಿ," ಎಂದು ಗವಿಸಿದ್ದಯ್ಯನವರು ಹೊರಗೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತರು.

"ತಪ್ಪು ನಂದು ಕಣಮ್ಮಾ," ಎಂದರು ಆ ಹುಡುಗಿಗೆ. "ಇವ್ಳಿಗೆ ಏನೂ ತಿಳೀದು. ಕಾರ್ಡಿನವ್ನೂ ಒಳ್ಳೇವ್ನು, ಮಾರಿಲ್ಲ, ಸುಮ್ಕೆ ಕೊಟ್ಟವ್ನೆ. ಏನ್ ಮಾಡೋದಿದ್ರೂ ನನ್ ಕಾರ್ಡಿಗೆ ಮಾಡು."

"ಹಾಗೆಲ್ಲ ಬರಲ್ಲ ಅಂಕಲ್. ಕಾರ್ಡು ಬ್ಲಾಕ್ ಮಾಡ್ಲೇಬೇಕು. ಅವ್ರಿಗೆ ಮೆಸೇಜ್ ಹೋಗತ್ತೆ. ನಂಗೂ ಬೇಜಾರೇ..."

"ಬೇಜಾರು ಮಾಡ್ಕಬೇಡ. ನಿನ್ ಕೆಲ್ಸ ನೀನು ಮಾಡ್ತಿದೀಯ. ನಾನಾಗಿದ್ರೂ ಇದ್ನೇ ಮಾಡ್ತಿದ್ದೆ."

ಹುಡುಗಿ ಕಾರ್ಡು ಇಟ್ಟುಕೊಂಡು, ಗಿರಿಜಾಂಬನಿಗೆ ಒಂದು ನೀರಿನ ಬಾಟಲಿ ಕೊಟ್ಟು ಕಳಿಸಿದಳು. ಇಬ್ಬರೂ ಸ್ಟೇಡಿಯಂ ಗೋಡೆಯ ಪಕ್ಕದ ಮರದ ಕೆಳಗೆ ಸ್ವಲ್ಪ ಹೊತ್ತು ಕೂತರು. ಒಳಗಿನ ಕೂಗು ಅಲೆಅಲೆಯಾಗಿ ಬರುತ್ತಿತ್ತು.

"ನೀವಾದ್ರೂ ಹೋಗಿ ನೋಡ್ಬಾರ್ದಿತ್ತಾ?" ಎಂದರು ಗಿರಿಜಾಂಬ.

"ನೀನು ಆಚೆ ನಿಂತಿದ್ರೆ ನಾನು ಒಳ್ಗೆ ಏನ್ ನೋಡ್ಲಿ?" ಎಂದರು ಅವರು. ಇದಕ್ಕಿಂತ ಹೆಚ್ಚಿನ ಪ್ರೀತಿಯ ಮಾತನ್ನು ಅವರು ಎಂದೂ ಆಡಿದವರಲ್ಲ. ಆಡಿದ್ದು ತಿಳಿದು ನಾಚಿಕೆಯಾಗಿ, ರೈಲಿಗೆ ಹೊತ್ತಾಯಿತೆಂದು ಎದ್ದರು.

ರೈಲಿನಲ್ಲಿ ಅವರ ಮನಸ್ಸೆಲ್ಲ ವಾಸಿಂನ ಮೇಲೆ. ಅಷ್ಟು ಅಕ್ಕರೆಯಿಂದ ಇಟ್ಟುಕೊಂಡಿದ್ದ ಕಾರ್ಡು. ತಮ್ಮಿಂದ ಅವನ ಹೆಸರಿಗೆ ಮಸಿ ಬಂತು. ಫೋನು ಮಾಡುವುದು ಸರಿಯಲ್ಲ, ಮುಖ ನೋಡಿ ಹೇಳಬೇಕೆಂದು ರಾಮನಗರದಲ್ಲೇ ಇಳಿದರು. ವಾಸಿಂ ಇನ್ನೂ ಫ್ಯಾಕ್ಟರಿಯಲ್ಲಿದ್ದಾನೆಂಬುದು ಗೊತ್ತಿತ್ತು. ಅವನ ಮನೆಯಲ್ಲೇ ಕೂತು ಬರುವ ತನಕ ಕಾಯುವುದೆಂದು ನಿಶ್ಚಯ ಮಾಡಿದ್ದರು. ಬಾಗಿಲು ತೆಗೆದವಳು ಅವನ ಹೆಂಡತಿ ನೂರೀನ್. ಇವರನ್ನು ಕಂಡವಳೇ ಗಿರಿಜಾಂಬನ ಎರಡೂ ಕೈ ಹಿಡಿದುಕೊಂಡಳು.

"ಎಲ್ಲೋಗಿದ್ರಿ ಅಮ್ಮಾ? ಎಷ್ಟು ಸಲ ಫೋನ್ ಮಾಡ್ದೆ! ಅವ್ರು ಫ್ಯಾಕ್ಟ್ರಿಯಿಂದ ಮೂರ್ನಾಕು ಸಲ ಮಾಡುದ್ರು. ಅಮ್ಮಾರ್ನ ಬೈದ್ರಾ, ಬಿಸ್ಲಲ್ಲಿ ನಿಲ್ಲಿಸುದ್ರಾ, ಹೆದ್ರುಕೊಂಡವ್ರಾ ಕೇಳು ಅಂತ. ಅವ್ರಿಗೆ ಇದೇ ಚಿಂತೆ."

ಗವಿಸಿದ್ದಯ್ಯನವರು ಜೇಬಿನಿಂದ ಫೋನು ತೆಗೆದು ನೋಡಿದರು. ಆಟಕ್ಕೆ ಅಡ್ಡಿಯಾಗದಿರಲೆಂದು ಅದರ ಸದ್ದು ತೆಗೆದಿಟ್ಟಿದ್ದರು.

"ಕಾರ್ಡು ಹೋಯ್ತಲ್ಲವ್ವಾ," ಎಂದರು.

"ಕಾರ್ಡು ಹೋದ್ರೆ ಹೋಯ್ತು. ಕೂತ್ಕಳಿ, ಒಸಿ ಟೀ ಕುಡೀರಿ ಮೊದ್ಲು."

ಗವಿಸಿದ್ದಯ್ಯನವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕನ್ನಡಕ ಒರೆಸಿಕೊಂಡರು. ನೂರೀನ್ ಟೀ ತಂದಿಟ್ಟು ಗಂಡನಿಗೆ ಫೋನು ಹಚ್ಚಿ ಕೊಟ್ಟಳು. ಮೆಷಿನ್ನುಗಳ ಸದ್ದಿನ ನಡುವೆ ವಾಸಿಂ ಕೂಗಿದ: "ಯಜಮಾನ್ರೇ, ಅಮ್ಮಾರು ಹೆಂಗವ್ರೆ? ಹಾಂ? ಬುಡಿ ಮತ್ತೆ. ಅದ್ಸರಿ, ನಾವು ಗೆದ್ದೋ ಗೊತ್ತಾಯ್ತಾ? ಎರಡು ಗೋಲು!"

ಕ್ಲಬ್ಬಿನವರು ವಾಸಿಂನ ಕಾರ್ಡನ್ನು ಆ ವರ್ಷಕ್ಕೆ ರದ್ದು ಮಾಡಿದರು. ಮುಂದಿನ ವರ್ಷಕ್ಕೂ ಕೊಡುವುದಿಲ್ಲ ಎಂದರು. ಗವಿಸಿದ್ದಯ್ಯನವರು ಅರ್ಜಿ ಬರೆದರು, ಉತ್ತರ ಬದಲಾಗಲಿಲ್ಲ. ಉಳಿದ ಪಂದ್ಯಗಳಿಗೆ ಅವರು ತಮ್ಮ ಸೀಟಿಗೆ ಹೋಗಲಿಲ್ಲ. ಗೋಲಿನ ಹಿಂಬದಿಯ ಅಗ್ಗದ ಗ್ಯಾಲರಿಗೆ ಇಬ್ಬರ ಹೆಸರಲ್ಲೂ ಬೇರೆ ಬೇರೆ ಟಿಕೆಟ್ ಕೊಂಡು, ಸಿಮೆಂಟಿನ ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರು. ಬೆನ್ನು ನೋಯುತ್ತಿತ್ತು. ಒರಗಲು ಏನೂ ಇರಲಿಲ್ಲ. ಗಿರಿಜಾಂಬ ತಮ್ಮ ಭುಜ ಕೊಟ್ಟರು.

ಸೀಸನ್ನು ಮುಗಿಯಿತು. ಮತ್ತೆ ಆಟ ಶುರುವಾಗಲು ಮಳೆಗಾಲ ಕಳೆಯಬೇಕೆಂದು ಕೇಳಿ ಗಿರಿಜಾಂಬ ಪೆಚ್ಚಾದರು. ಆಗ ವಾಸಿಂ, ಕಾರ್ಮಿಕರ ದಿನದಂದು ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳ ನಡುವೆ ಪಂದ್ಯ ಇದೆಯೆಂದೂ ತನ್ನನ್ನೂ ತಂಡಕ್ಕೆ ಸೇರಿಸಿಕೊಂಡಿದ್ದಾರೆಂದೂ ಹೇಳಿದ. ಕಂಪನಿಯಲ್ಲಿ ಬೇರೆ ಜನ ಸಿಕ್ಕಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

ಆ ದಿನ ಇಬ್ಬರೂ ಕನಕಪುರದ ಮೇಲೆ ಬಸ್ಸು ಹಿಡಿದು ಹೋದರು. ಬಟಾಬಯಲು, ಸುಣ್ಣದ ಗೆರೆ, ಬಿದಿರಿನ ಗೋಲು. ನೂರೀನ್ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಗಲೇ ಬಂದಿದ್ದಳು. ಮೂವರೂ ಒಂದು ನೇರಳೆ ಮರದ ಬುಡದಲ್ಲಿ ಕೂತರು. ವಾಸಿಂ ಮೈತುಂಬ ಧೂಳು ಮಾಡಿಕೊಂಡು, ಯಾರೂ ಇಲ್ಲದ ಕಡೆ ಓಡುತ್ತ, ಬಂದ ಚೆಂಡನ್ನೆಲ್ಲ ಬಿಡುತ್ತ ಆಡಿದ. ಒಮ್ಮೆ ಮಾತ್ರ ಹೇಗೋ ಚೆಂಡು ಅವನ ಕಾಲಿಗೇ ಬಂದು ನಿಂತಿತು. ಮುಂದೆ ಬಯಲು ಖಾಲಿ. ನಂಬಿಕೆ ಬರದೆ ಅವನು ಸುತ್ತ ನೋಡಿದ.

ಗವಿಸಿದ್ದಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾಂಬ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, ಬಯಲೆಲ್ಲ ಕೇಳುವ ಹಾಗೆ ಕೂಗಿದರು:

"ನೋಡ್ತಾ ನಿಂತ್ಕಬೇಡ ಕಣೋ ಮಗಾ, ಓಡು!"